ತೊದೇರನ ಬಿರಡೆ

ಪ್ರೊಫಿರಾಳ ಕೈಗೆ ಸೀಸೆ ಸಿಕ್ಕರೆ ಅದು ಸುಮ್ಮನೆ ಕೂರುವ ಹಾಗಿಲ್ಲ. ಊಟದ ಮೇಜಿನ ಮೇಲೆ ಎಣ್ಣೆಯ ಸೀಸೆ ಇದ್ದರೆ ಅದನ್ನೊಮ್ಮೆ ಸಣ್ಣಗೆ ಅಲುಗಿಸಿ, ಕಾಲು ಸುತ್ತು ತಿರುಗಿಸಿ ಇಡುತ್ತಾಳೆ. ಮಾತಾಡುತ್ತಾ ಮಾತಾಡುತ್ತಾ ಉಪ್ಪಿನ ಭರಣಿ, ಜೇನಿನ ಜಾಡಿ, ಕೊನೆಗೆ ಎದುರು ಕೂತವರ ಲೋಟ, ಎಲ್ಲವೂ ತಿರುಗಿರುತ್ತವೆ. ಪಾದ್ರಿಗಳು ಮನೆ ಹರಸಲು ಬಂದು ಪವಿತ್ರ ಜಲದ ಸೀಸೆ ಇಟ್ಟಾಗಲೂ ಹೀಗೇ ಮಾಡಿದಳು. ಅವರು ಪ್ರಾರ್ಥನೆ ನಡುವೆ ನಿಲ್ಲಿಸಿ, "ಅದರಲ್ಲಿ ಗಸಿ ಇಲ್ಲಮ್ಮ" ಎಂದರಂತೆ. ಊರೆಲ್ಲ ನಕ್ಕಿತು. ಅವಳೂ ನಕ್ಕಳು, ನಗುತ್ತಲೇ ಇನ್ನೊಮ್ಮೆ ತಿರುಗಿಸಿದಳು.

ನಮ್ಮೂರಿನ ಅಡಿಯಲ್ಲಿ ಇನ್ನೊಂದು ಊರಿದೆ. ಒಂದು ಕಾಲಕ್ಕೆ ರಾಜಧಾನಿ ಕಿಶಿನೌ ಪಟ್ಟಣದ ಮನೆಗಳಿಗೆಂದು ಇಲ್ಲಿಂದ ಬಿಳಿ ಸುಣ್ಣಕಲ್ಲು ಕೊಯ್ದು ಸಾಗಿಸಿದರು. ಕಲ್ಲು ಹೋದ ಜಾಗದಲ್ಲಿ ಉಳಿದ ಪೊಳ್ಳಿಗೆ ವೈನ್ ತುಂಬಿದರು. ಈಗ ಅಲ್ಲಿ ಬೀದಿಗಳಿವೆ, ಬೀದಿಗಳಿಗೆ ದ್ರಾಕ್ಷಿ ತಳಿಗಳ ಹೆಸರುಗಳಿವೆ, ಲಾರಿಗಳು ಓಡಾಡುತ್ತವೆ, ತಿರುವಿನಲ್ಲಿ ಕೆಂಪು ಹಸಿರು ದೀಪಗಳಿವೆ. ಮೇಲಿರುವ ನಮ್ಮೂರಿಗೆ ಮಾತ್ರ ಇವತ್ತಿಗೂ ಒಂದು ಸಿಗ್ನಲ್ ದೀಪ ಬಂದಿಲ್ಲ, ಆ ಮಾತು ಬೇರೆ. ಪ್ರತಿ ಮನೆಯ ಅಂಗಳದ ಕೆಳಗೂ ಒಂದು ಸಣ್ಣ ನೆಲಮಾಳಿಗೆ, ಅದರಲ್ಲಿ ಮನೆಯ ಪೀಪಾಯಿ ಇದ್ದೇ ಇರುತ್ತದೆ. ಅದಕ್ಕೇ ನಾವು ಅಡಿಯ ಆ ಊರನ್ನು ದೊಡ್ಡ ನೆಲಮಾಳಿಗೆ ಅನ್ನುತ್ತೇವೆ. ಗೌರವಕ್ಕಲ್ಲ, ಗುರುತಿಗೆ.

ಮದುವೆಯಾಗಿ ಬಂದ ವರ್ಷವೇ ಪ್ರೊಫಿರಾ ಅಲ್ಲಿ ಕೆಲಸಕ್ಕೆ ಸೇರಿದಳು. ಓರೆಯಾಗಿ ನಿಲ್ಲಿಸಿದ ಮರದ ಹಲಗೆಗಳ ತೂತುಗಳಲ್ಲಿ ಶಾಂಪೇನ್ ಸೀಸೆಗಳು ತಲೆಕೆಳಗಾಗಿ ಕೂತಿರುತ್ತವೆ. ಎರಡೂ ಕೈಯಲ್ಲಿ ಒಂದೊಂದನ್ನು ಹಿಡಿದು, ಒಂದಿಷ್ಟು ನಡುಗಿಸಿ, ಕಾಲು ಸುತ್ತು ತಿರುಗಿಸಿ ಬಿಡಬೇಕು. ಹಾಗೆ ದಿನವೂ ಮಾಡಿದರೆ ಒಳಗಿನ ಗಸಿ ನಿಧಾನಕ್ಕೆ ಜಾರಿ ಸೀಸೆಯ ಕುತ್ತಿಗೆಗೆ ಬಂದು ನಿಲ್ಲುತ್ತದೆ. ಜೋರಾಗಿ ಅಲುಗಿಸಿದರೆ ಗಸಿ ಎದ್ದು ಎಲ್ಲ ಕದಡುತ್ತದೆ, ಮೆಲ್ಲಗಾದರೆ ಅಲ್ಲೇ ಅಂಟಿಕೊಳ್ಳುತ್ತದೆ. ಇಷ್ಟೇ ಕೆಲಸ. ಇಷ್ಟೇ ಕೆಲಸವನ್ನು ಅವಳು ಯೌವನದಿಂದ ಮುದಿತನದ ಹೊಸ್ತಿಲವರೆಗೂ ಮಾಡಿಕೊಂಡು ಬಂದಿದ್ದಾಳೆ. ಮೇಲೆ ಬಿಸಿಲು ಬೆಂಕಿಯಂತೆ ಸುಡುವ ಜುಲೈ ತಿಂಗಳಲ್ಲೂ ಹತ್ತಿ ತುಂಬಿದ ಅಂಗಿ ತೊಟ್ಟು, ತಲೆಗೆ ಉಣ್ಣೆಯ ಚೌಕ ಕಟ್ಟಿ ಬೀದಿಯಲ್ಲಿ ಹೋಗುತ್ತಿದ್ದರೆ ಅದು ಪ್ರೊಫಿರಾ ಅಂತ ಯಾರನ್ನೂ ಕೇಳದೆಯೇ ಹೇಳಬಹುದು.

ಅವಳ ಗಂಡ ತೊದೇರ್ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಒಳ್ಳೆಯವನು, ಆದರೆ ನಾಲಿಗೆ ಮಾತ್ರ ಸೌದೆ ಸೀಳುವಂಥದ್ದು. ಹೆಂಡತಿ ಕೆಲಸ ಮಾಡುವ ಜಾಗದ ವೈನನ್ನು ಅವನು ಒಂದು ದಿನವೂ ವೈನ್ ಅಂತ ಒಪ್ಪಲಿಲ್ಲ.

"ನಿಮ್ಮ ಕೆಳಗಿನ ವೈನು ಯಾರ ಮನೇದು?" ಅಂತ ಕೇಳುವನು.

"ಸರ್ಕಾರದ್ದು."

"ಹಾಗಂದ್ರೆ ಯಾರದ್ದೂ ಅಲ್ಲ ಅಂತಾಯ್ತು."

ಅವನ ವೈನ್ ಅಂಗಳದ ಬಳ್ಳಿಯದು. ಮಗಳು ರುಕ್ಸಾಂದಾ ಪಟ್ಟಣದಲ್ಲಿ ಹೊಲಿಗೆಯ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ, ಆಂಗೆಲ್ ಎಂಬ ತೆಂಕಣ ಸೀಮೆಯ ಹುಡುಗನ ಹೆಸರನ್ನು ಮಾತು ಮಾತಿಗೂ ಎತ್ತತೊಡಗಿದ ವರ್ಷ, ತೊದೇರ್ ಮನೆಯ ದೊಡ್ಡ ಪೀಪಾಯಿಯನ್ನು ಬಾಯಿವರೆಗೂ ತುಂಬಿಸಿದ. ತನ್ನ ಹಳೆಯ ನೀಲಿ ಚೌಕಳಿ ಶರಟಿನಿಂದ ಒಂದು ಪಟ್ಟಿ ಹರಿದು ಬಿರಡೆಗೆ ಸುತ್ತಿ, ಮರದ ಕೊಡತಿಯಿಂದ ಬಡಿದು ಕೂರಿಸಿ, "ಇದು ರುಕ್ಸಾಂದಾಳ ಮದುವೇಗೆ. ಅಲ್ಲೀವರೆಗೂ ಯಾರೂ ಮುಟ್ಟೋ ಹಾಗಿಲ್ಲ" ಅಂದ. ಮುಂದಿನ ಮಾರ್ಚಿನಲ್ಲಿ ಬಳ್ಳಿ ಸವರುತ್ತಿದ್ದವನು ಎದೆ ಹಿಡಿದುಕೊಂಡು ಬಳ್ಳಿಯ ಬುಡದಲ್ಲೇ ಕೂತ. ಮತ್ತೆ ಏಳಲಿಲ್ಲ.

ಸತ್ತವರ ಹೆಸರಿನಲ್ಲಿ ಊರಿಗೆ ಊಟ ಹಾಕಬೇಕು, ವೈನ್ ಕೊಡಬೇಕು. ಮಣ್ಣಿನ ದಿನ, ನಲವತ್ತನೆಯ ದಿನ, ವರ್ಷದ ದಿನ. ಅವನ ಊಟಕ್ಕೆ ಅವನದೇ ವೈನ್ ಅಲ್ಲದೆ ಇನ್ಯಾರದು ಕೊಡುವುದು? ಪೀಪಾಯಿಯ ಕೆಳಗಿನ ನಲ್ಲಿಯಿಂದ ಇಳಿಸಿ ಇಳಿಸಿ ಕೊಟ್ಟಳು. ಪೀಪಾಯಿ ಅರ್ಧಕ್ಕಿಂತ ಕೆಳಗಿಳಿಯಿತು. ಅರ್ಧವಾದ ಪೀಪಾಯಿಯೊಳಗೆ ಗಾಳಿ ಕೂತರೆ ವೈನ್ ಕೆಡುತ್ತದೆ, ಉಳಿದದ್ದನ್ನು ಕೂಡಲೇ ಗಾಜಿನ ಸೀಸೆಗಳಿಗೆ ಬಗ್ಗಿಸಿ ಬಾಯಿ ಮುಚ್ಚಿಡಬೇಕು. ಇದು ನಮ್ಮೂರಿನ ಮಕ್ಕಳಿಗೂ ಗೊತ್ತು. ಪ್ರೊಫಿರಾಳಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೆ ಪೀಪಾಯಿ ಬರಿದು ಮಾಡಿ, ತೊಳೆದು, ಗಂಧಕದ ಹೊಗೆ ಹಾಕಬೇಕೆಂದರೆ ಮೇಲಿನ ಬಿರಡೆ ತೆಗೆಯಬೇಕು. ಆ ಬಿರಡೆ ತೊದೇರ್ ಬಡಿದದ್ದು. ನಾಳೆ ತೆಗೆಯೋಣ, ಭಾನುವಾರ ತೆಗೆಯೋಣ ಅಂದುಕೊಂಡಳು. ಶರತ್ಕಾಲ ಬಂದಾಗ ಪೀಪಾಯಿ ಖಾಲಿಯಿಲ್ಲ ಎಂಬ ನೆಪ ಹೇಳಿ ಅಂಗಳದ ದ್ರಾಕ್ಷಿಯನ್ನೆಲ್ಲ ಪಕ್ಕದ ಮನೆಯ ಮಾಫ್ತೆಯಾಳಿಗೆ ಕೊಟ್ಟುಬಿಟ್ಟಳು.

ಈಸ್ಟರ್ ಮುಗಿದ ವಾರಕ್ಕೆ ನಮ್ಮಲ್ಲಿ ಸತ್ತವರ ಈಸ್ಟರ್. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಗೋರಿಗಳ ಬಳಿ ಹೋಗಿ ಕೂತು ಉಣ್ಣುತ್ತದೆ. ಈ ವರ್ಷ ಅವತ್ತು ಬೆಳಿಗ್ಗೆ ಹೂಜಿ ಹಿಡಿದು ಕೆಳಗಿಳಿದು ನಲ್ಲಿ ತಿರುಗಿಸಿದಾಗ ಮೂಗಿಗೆ ರಪ್ಪೆಂದು ಹುಳಿ ಹೊಡೆಯಿತು. ವೈನ್ ಪೂರಾ ವಿನೆಗರ್ ಆಗಿತ್ತು. ಮೇಲೆ ಮಗಳು ಪಟ್ಟಣದಿಂದ ಬಂದು, "ಅಮ್ಮ, ಹೊತ್ತಾಯ್ತು" ಅಂತ ಕೂಗುತ್ತಿದ್ದಳು. ಹಬ್ಬಕ್ಕೆಂದು ದೊಡ್ಡ ನೆಲಮಾಳಿಗೆಯವರು ಕೆಲಸದವರಿಗೆ ಕೊಟ್ಟಿದ್ದ ಕೆಂಪು ವೈನಿನ ಸೀಸೆ ಮೂಲೆಯಲ್ಲಿತ್ತು. ಪ್ರೊಫಿರಾ ಅದನ್ನೇ ಹೂಜಿಗೆ ಸುರಿದುಕೊಂಡು ಮೇಲೆ ಬಂದಳು. ತೊದೇರ್ ಜೀವನಪೂರ್ತಿ ಯಾವ ವೈನನ್ನು ಯಾರದ್ದೂ ಅಲ್ಲ ಅಂದಿದ್ದನೋ ಅದನ್ನೇ ಅವನ ಗೋರಿಯ ಮೇಲೆ ಸುರಿದಳು. ಮಗಳು ಒಂದು ಗುಟುಕು ಕುಡಿದು, "ಅಪ್ಪನ ವೈನ್ ಎಷ್ಟು ಚೆನ್ನಾಗಿ ಆಗಿದೆಯಮ್ಮ" ಅಂದಳು. ಪ್ರೊಫಿರಾ ಅವತ್ತೇ ಮನೆಯ ನೆಲಮಾಳಿಗೆಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ರುಕ್ಸಾಂದಾ ಆ ರುಚಿಯನ್ನು ತನ್ನೊಳಗೆ ಇಟ್ಟುಕೊಂಡು ಸುಮ್ಮನಿರಲಿಲ್ಲ. ಆಂಗೆಲ್‌ಗೆ ಹೇಳಿದಳು, ಆಂಗೆಲ್ ಅವನಪ್ಪನಿಗೆ ಹೇಳಿದ. ಅವನಪ್ಪ ಹರಲಾಂಬಿಯೆ ಪೀಪಾಯಿ ಕಟ್ಟುವ ಕಸುಬಿನವನು. ಓಕ್ ಮರದ ಹಲಗೆ ಬಾಗಿಸಿ, ಕಬ್ಬಿಣದ ಪಟ್ಟಿ ಬಿಗಿದು, ಆ ಸೀಮೆಗೆಲ್ಲ ಪೀಪಾಯಿ ಮಾಡಿಕೊಡುವವನು. "ಆ ವೈನ್ ಮೇಲೇ ಮಾತು ಕೊಡ್ತೀನಿ" ಅಂತ ಹೇಳಿ ಕಳಿಸಿದ. ನಮ್ಮಲ್ಲಿ ಮದುವೆಯ ಮಾತು ಪಕ್ಕಾ ಆಗುವುದು ಹೆಣ್ಣಿನ ಮನೆಯ ನೆಲಮಾಳಿಗೆಯಲ್ಲಿ, ಮನೆಯ ವೈನ್ ಕುಡಿದು. ಬೀಗರಾಗುವವರನ್ನು ಅಲ್ಲಿಗಿಳಿಸದೆ ಕಳಿಸುವುದೆಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ ಹಾಗೆ.

ಪ್ರೊಫಿರಾ ಯೋಚಿಸಿ ಯೋಚಿಸಿ ಒಂದು ಉಪಾಯ ಹೂಡಿದಳು. ಭಾನುವಾರ ಬೆಳಿಗ್ಗೆ ಬರುವವರನ್ನು ನೇರವಾಗಿ ದೊಡ್ಡ ನೆಲಮಾಳಿಗೆಗೆ ಕರೆದುಕೊಂಡು ಹೋಗುವುದು. ಕಾಲು ಸೋಲುವವರೆಗೂ ಸುತ್ತಿಸುವುದು. ಅಲ್ಲೇ ಚೆನ್ನಾಗಿ ಕುಡಿಸುವುದು, ಮನೆಗೆ ಬಂದ ಮೇಲೆ ಹೊಟ್ಟೆ ಬಿರಿಯ ಬಡಿಸುವುದು. ಸಂಜೆಯ ಬಸ್ಸಿಗೆ ಹೊತ್ತಾಯಿತು ಅಂತ ಅವರೇ ಏಳಬೇಕು.

ಹರಲಾಂಬಿಯೆ ಬಂದಿಳಿದ. ಆನೆಮರಿಯಂಥ ಮೈ, ಹೊಗೆ ಹಿಡಿದ ಮೀಸೆ, ಕೈಯಲ್ಲಿ ತನ್ನ ಮನೆಯ ವೈನಿನ ದೊಡ್ಡ ಹೂಜಿ. ಹಿಂದೆ ಅವನ ಹೆಂಡತಿ ಜಿನೋವಿಯಾ, ತೆಳ್ಳಗೆ, ಬಿಗಿದ ತುಟಿ, ಎಲ್ಲವನ್ನೂ ಅಳೆಯುವಂಥ ಕಣ್ಣು. ಪ್ರೊಫಿರಾಳಿಗೆ ಗಂಡಸಿಗಿಂತ ಆ ಹೆಂಗಸನ್ನು ಕಂಡೇ ಹೆಚ್ಚು ಅಂಜಿಕೆಯಾಯಿತು. ಆಂಗೆಲ್ ಮತ್ತು ರುಕ್ಸಾಂದಾ ಒಬ್ಬರನ್ನೊಬ್ಬರು ನೋಡಿಕೊಂಡು ನಗುವುದರಲ್ಲೇ ಮುಳುಗಿದ್ದರು.

"ಮೊದ್ಲು ನಾನು ಕೆಲ್ಸ ಮಾಡೋ ಜಾಗ ತೋರಿಸ್ತೀನಿ, ಬನ್ನಿ" ಅಂದಳು ಪ್ರೊಫಿರಾ.

"ನಿಮ್ ಮನೆ ನೆಲಮಾಳಿಗೆ ಸಾಕಾಗಿತ್ತಲ್ಲ ಬೀಗಿತ್ತಿ" ಅಂದ ಹರಲಾಂಬಿಯೆ.

"ಅದೆಲ್ಲಿಗೆ ಓಡೋಗತ್ತೆ ಬೀಗರೇ. ಇದನ್ನ ನೋಡೋಕೆ ದೇಶ ದೇಶದಿಂದ ಜನ ಬರ್ತಾರೆ."

ಬ್ಯಾಟರಿ ಗಾಡಿ ಇಳಿಜಾರಿನಲ್ಲಿ ಕೆಳಗಿಳಿಯತೊಡಗಿದಂತೆ ಬಿಸಿಲು ಹಿಂದೆ ಉಳಿಯಿತು, ಚಳಿ ಮುಖಕ್ಕೆ ಬಂತು. ಎರಡೂ ಬದಿಗೆ ಬಿಳಿ ಕಲ್ಲಿನ ಗೋಡೆ, ಗೋಡೆಗೆ ತೇವದ ಕಪ್ಪು ಬೂಷ್ಟು, ತಿರುವಿಗೊಂದು ಬೀದಿಯ ಹೆಸರಿನ ಫಲಕ. ದೊಡ್ಡ ಪೀಪಾಯಿಗಳ ಬೀದಿಗೆ ಬಂದದ್ದೇ ತಡ, ಹರಲಾಂಬಿಯೆ ಗಾಡಿ ನಿಲ್ಲಿಸಲು ಹೇಳಿ ಇಳಿದ. ಆಳೆತ್ತರದ ಪೀಪಾಯಿಗಳು ಕಣ್ಣು ಹರಿಯುವವರೆಗೂ ಸಾಲಾಗಿ ಮಲಗಿದ್ದವು. ಅವನು ಬೆರಳು ಮಡಿಸಿ ಮೊದಲನೆಯದಕ್ಕೆ ಬಡಿದ. ಕಿವಿಗೊಟ್ಟ.

"ತುಂಬೈತೆ."

ಎರಡನೆಯದಕ್ಕೆ ಬಡಿದ. "ಇದೂ ತುಂಬೈತೆ." ಮೂರನೆಯದಕ್ಕೆ ಮೇಲೊಮ್ಮೆ ಕೆಳಗೊಮ್ಮೆ ಬಡಿದು, "ಇದು ಒಂದ್ ಗೇಣು ಕಮ್ಮಿ" ಅಂದ. ಅಲ್ಲಿದ್ದ ಕೆಲಸದವನು ನೋಡಿ ಹೌದೆಂದು ತಲೆಯಾಡಿಸಿದ. ಆಂಗೆಲ್ ನಾಚಿಕೆಯಿಂದ, "ಅಪ್ಪ ಎಲ್ಲೋದ್ರೂ ಹೀಗೇ, ಆಸ್ಪತ್ರೇಲಿ ಡಾಕ್ಟರ ಮೇಜನ್ನೂ ಬಿಡಲಿಲ್ಲ" ಅಂದ. ಎಲ್ಲರೂ ನಕ್ಕರು. ಪ್ರೊಫಿರಾಳೂ ನಕ್ಕಳು, ಆದರೆ ಅವಳ ಕೈ ಸೊಂಟದ ಕೀಲಿಕೈಯನ್ನು ಮುಟ್ಟಿ ನೋಡಿಕೊಂಡಿತು. ಈ ಮನುಷ್ಯ ಮನೆಯ ಪೀಪಾಯಿಗೆ ಬೆರಳು ತಾಗಿಸಿದರೆ ಮುಗಿಯಿತು, ನಲ್ಲಿ ತಿರುಗಿಸುವ ಅಗತ್ಯವೂ ಇರಲಿಲ್ಲ.

ಬೇಕೆಂದೇ ಸುತ್ತು ದಾರಿ ಹಿಡಿದು ತಾನು ಕೆಲಸ ಮಾಡುವ ಜಾಗಕ್ಕೆ ಕರೆದೊಯ್ದಳು. ಓರೆ ಹಲಗೆಗಳ ಸಾಲು, ತಲೆಕೆಳಗಾದ ಸೀಸೆಗಳು. ಸುಮ್ಮನೆ ತೋರಿಸಲೆಂದು ಶುರುಮಾಡಿದವಳು ಒಂದು ಹಲಗೆ ಪೂರ್ತಿ ತಿರುಗಿಸಿಯೇ ನಿಲ್ಲಿಸಿದಳು. ಕೈ ಹಾಗೆ ಓಡುವುದನ್ನು ಜಿನೋವಿಯಾ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಆಮೇಲೆ ಹತ್ತಿರ ಬಂದು, "ನಾನೊಂದು ತಿರುಗಿಸ್ಲಾ?" ಅಂತ ಕೇಳಿದಳು.

ಪ್ರೊಫಿರಾ ಅವಳ ಮಣಿಕಟ್ಟು ಹಿಡಿದು ಹೇಗೆ ಅಂತ ತೋರಿಸಿಕೊಟ್ಟಳು. ಜಿನೋವಿಯಾ ಎರಡು ಸೀಸೆ ತಿರುಗಿಸಿದಳು.

"ದಿನಾ ಹಿಂಗೆ ತಿರುಗಿಸಿದ್ರೆ ಒಳಗಿರೋ ಕೊಳೆಯೆಲ್ಲ ಈಚೆ ಬರುತ್ತಾ?"

"ಬರತ್ತೆ. ತಾಳ್ಮೆ ಬೇಕು, ಅಷ್ಟೇ."

"ನಮ್ಮನೆಯೋರನ್ನ ಮದುವೆಯಾದಾಗಿಂದ ಹಿಂಗೆ ತಿರುಗಿಸ್ಬೇಕಾಗಿತ್ತು ನಾನು. ಇಷ್ಟೊತ್ತಿಗೆ ತಿಳಿಯಾಗಿರೋರು."

ಮುಖದ ಒಂದು ಗೆರೆಯೂ ಸಡಿಲವಾಗದೆ ಹೇಳಿದಳು. ಪ್ರೊಫಿರಾಳಿಗೆ ನಗು ತಡೆಯಲಾಗಲಿಲ್ಲ. ಹಲಗೆ ಹಿಡಿದುಕೊಂಡು ನಕ್ಕಳು. ಈ ಹೆಂಗಸು ಇಂಥವಳು ಅಂತ ಮೊದಲೇ ಗೊತ್ತಿದ್ದರೆ ಎಲ್ಲ ಹೇಳಿಬಿಡಬಹುದಿತ್ತು ಅನ್ನಿಸಿತು.

ಕೊನೆಗೆ ರುಚಿ ನೋಡುವ ಹಜಾರಕ್ಕೆ ಬಂದರು. ಕಲ್ಲನ್ನೇ ಕೊರೆದು ಮಾಡಿದ ಕೋಣೆ, ಬಿಳಿ ಮೇಜುಬಟ್ಟೆ, ಕುರಿಹಾಲಿನ ಚೀಸು, ಅಕ್ರೋಟು. ಪ್ರೊಫಿರಾಳ ಬೀಗರಾಗುವವರು ಅಂತ ಹಜಾರದ ಹೆಂಗಸು ಒಬ್ಬೊಬ್ಬರ ಮುಂದೂ ಎತ್ತರ ಕಾಲಿನ ಗ್ಲಾಸುಗಳನ್ನು ಸಾಲಾಗಿ ಇಟ್ಟಳು.

ಹರಲಾಂಬಿಯೆ ಗ್ಲಾಸುಗಳನ್ನು ನೋಡಿದ. "ಇದೇನ್ ಬೀಗಿತ್ತಿ, ತಲೆಗೊಂದೊಂದು ಗ್ಲಾಸು? ನಾವೇನ್ ಜಗಳ ಆಡ್ಕೊಂಡು ಪಾಲಾಗಿದ್ದೀವಾ?"

ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ ಇದ್ದರೂ ಒಂದೇ ಗ್ಲಾಸು. ಮನೆಯವರು ಮೊದಲು ಕುಡಿದು, ಅದನ್ನೇ ಮತ್ತೆ ತುಂಬಿಸಿ ಪಕ್ಕದವರಿಗೆ ಕೊಡಬೇಕು. ಅದು ಹಾಗೆ ಸುತ್ತು ಬರಬೇಕು. "ಇಲ್ಲಿ ರೂಢಿ ಹಿಂಗೆ ಬೀಗರೇ, ಹೊರಗಿನ ಜನ ಬರ್ತಾರಲ್ಲ" ಅಂದಳು ಪ್ರೊಫಿರಾ. ಅವನು ಗೊಣಗುತ್ತಲೇ ಕುಡಿದ. ಚೆನ್ನಾಗಿದೆ ಅಂತ ಒಪ್ಪಿದ, ಇನ್ನೊಂದಿಷ್ಟು ಹಾಕಿಸಿಕೊಂಡ. ಕೆನ್ನೆ ಕೆಂಪೇರಿತು. ಉಪಾಯ ಫಲಿಸುತ್ತಿದೆ ಅಂತ ಪ್ರೊಫಿರಾ ಒಳಗೊಳಗೇ ಉಸಿರು ಬಿಟ್ಟಳು.

ಆಗ ಹಜಾರದ ಹೆಂಗಸು ಪ್ರೀತಿಗೆಂದು ಇನ್ನೊಂದು ಸೀಸೆ ತೆರೆದಳು. ಕೆಂಪು ವೈನ್. ಪ್ರೊಫಿರಾ ಸೀಸೆಯ ಚೀಟಿ ನೋಡುವಷ್ಟರಲ್ಲಿ ಅದು ಮಗಳ ಗ್ಲಾಸಿಗೆ ಬಿದ್ದಾಗಿತ್ತು. ರುಕ್ಸಾಂದಾ ಒಂದು ಗುಟುಕು ಕುಡಿದು ನಿಲ್ಲಿಸಿದಳು. ಇನ್ನೊಂದು ಗುಟುಕು ಕುಡಿದಳು.

"ಅಮ್ಮ, ಇದು ಅಪ್ಪನ ವೈನಿನ ಹಾಗೇ ಇದೆ."

"ಎಲ್ಲಾ ಕೆಂಪು ವೈನೂ ಒಂದೇ ಥರ ಇರತ್ತೆ ಕಣೇ."

"ಇಲ್ಲಮ್ಮ. ಹಾಗೇ ಇದೆ."

ಹರಲಾಂಬಿಯೆ ಮೇಜಿಗೆ ಕೈ ಊರಿ ಎದ್ದ. "ಅಂಗಾದ್ರೆ ಇನ್ಯಾಕೆ ತಡ, ನಡೀರಿ ಮನೆಗೆ. ಎರಡನ್ನೂ ತಾಳೆ ನೋಡೇಬಿಡಾನ. ಒಬ್ಬ ಟ್ರ್ಯಾಕ್ಟರ್ ಓಡಿಸೋನು ಇಂಥಾ ವೈನ್ ಮಾಡಿದ್ದ ಅಂದ್ರೆ ನಾನು ಮಾತು ಕೊಡೋದಲ್ಲ, ಕಾಲಿಗೇ ಬೀಳ್ತೀನಿ."

ದಾರಿಯುದ್ದಕ್ಕೂ ಪ್ರೊಫಿರಾಳಿಗೆ ಒಂದು ನೆಪವೂ ಹೊಳೆಯಲಿಲ್ಲ. ಕೀಲಿಕೈ ಕಳೆದುಹೋಗಿದೆ ಅನ್ನಲೇ ಅಂದುಕೊಂಡಳು. ಅಷ್ಟರಲ್ಲಿ ಮಗಳೇ ಅವಳ ಸೊಂಟದಿಂದ ಕೀಲಿಕೈ ಎಳೆದುಕೊಂಡು ಮುಂದೆ ಓಡಿದಳು. ಒಲೆಯ ಮೇಲೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಮಲಿಗಾ ಕಾಯುತ್ತಿತ್ತು. ಅತ್ತ ಯಾರೂ ತಿರುಗಿ ನೋಡಲಿಲ್ಲ. ತಂದ ಹೂಜಿಯ ಸಮೇತ ಎಲ್ಲರೂ ಅಂಗಳದಿಂದ ನೇರವಾಗಿ ಕೆಳಗಿಳಿದರು.

ಹರಲಾಂಬಿಯೆ ಪೀಪಾಯಿಯ ಮುಂದೆ ನಿಂತು, ಟೋಪಿ ತೆಗೆದ. ಇಲ್ಲದ ಯಜಮಾನನಿಗೆ ಕೊಟ್ಟ ಮರ್ಯಾದೆ ಅದು. ಆಮೇಲೆ ಬೆರಳು ಮಡಿಸಿ ಮೇಲ್ಗಡೆ ಬಡಿದ. ಪೊಳ್ಳು ಸದ್ದು. ಸ್ವಲ್ಪ ಕೆಳಗೆ ಬಡಿದ. ಅಲ್ಲೂ ಪೊಳ್ಳು. ಇನ್ನೂ ಕೆಳಗೆ, ಅರ್ಧ ದಾಟಿದ ಮೇಲೆ ಸದ್ದು ಬದಲಾಯಿತು. ಬೆರಳನ್ನು ಅಲ್ಲೇ ಇಟ್ಟುಕೊಂಡು ಪ್ರೊಫಿರಾಳ ಮುಖ ನೋಡಿದ. ಅವನಿಗೆ ತಿಳಿದುಹೋಯಿತು ಅಂತ ಅವಳಿಗೂ ತಿಳಿಯಿತು. ಪುಣ್ಯಾತ್ಮ, ಬಾಯಿ ಬಿಡಲಿಲ್ಲ.

ಗೂಡಿನಲ್ಲಿ ತೊದೇರನ ದಪ್ಪ ಗಾಜಿನ ಗ್ಲಾಸು ಇತ್ತು. ಪ್ರೊಫಿರಾ ಅದನ್ನು ಸೆರಗಿನಂತೆ ಇಳಿಬಿದ್ದ ತಲೆಚೌಕದ ತುದಿಯಲ್ಲಿ ಒರೆಸಿ, ನಲ್ಲಿಯ ಕೆಳಗೆ ಹಿಡಿದು ತುಂಬಿಸಿದಳು. ಸತ್ತವರ ಪಾಲು ಅಂತ ನಾಲ್ಕು ಹನಿ ನೆಲಕ್ಕೆ ಚೆಲ್ಲಿದಳು. ಮನೆಯವರು ಮೊದಲು ಕುಡಿಯಬೇಕು. ಕುಡಿದಳು, ಮುಖ ಸಿಂಡರಿಸದೆ, ತಳ ಕಾಣುವವರೆಗೂ. ಇನ್ನು ಅದನ್ನೇ ತುಂಬಿಸಿ ಬೀಗನಿಗೆ ಕೊಡಬೇಕು. ಕೈ ನಲ್ಲಿಯವರೆಗೂ ಹೋಯಿತು. ಸೀಸೆ ಕಂಡಲ್ಲೆಲ್ಲ ತಾನಾಗಿ ತಿರುಗಿಸುವ ಆ ಕೈ ನಲ್ಲಿಯ ಮೇಲೆ ಸುಮ್ಮನೆ ನಿಂತುಬಿಟ್ಟಿತು.

"ಇದು ಹುಳಿಯಾಗಿಹೋಗಿದೆ ಬೀಗರೇ" ಅಂದಳು. "ವೈನಲ್ಲ ಇದು, ವಿನೆಗರ್. ನನಗೆ ಮೊದಲೇ ಗೊತ್ತಿತ್ತು." ಆಮೇಲೆ ಮಗಳ ಕಡೆ ತಿರುಗಿದಳು. "ಆವತ್ತು ಗೋರಿ ಹತ್ರ ನೀನು ಕುಡಿದದ್ದು ಅಪ್ಪಂದಲ್ಲ ಕಣೇ. ದೊಡ್ಡ ನೆಲಮಾಳಿಗೇದು. ಈಗ ಕುಡಿದ್ಯಲ್ಲ, ಅದೇ."

"ಅಪ್ಪನ ಗೋರಿಗೆ ಸುರಿದದ್ದೂ ಅದೇನಾ?" ಅಂದಳು ರುಕ್ಸಾಂದಾ.

"ಅದೇ."

ಹರಲಾಂಬಿಯೆ ಮೆಲ್ಲಗೆ ಕೇಳಿದ. "ಅಲ್ಲ ಬೀಗಿತ್ತಿ, ನೀವು ಇದೇ ಕಸುಬಿನೋರು. ಅರ್ಧ ಆಗ್ತಿದ್ದಂಗೇ ಸೀಸೆಗೆ ಬಗ್ಗಿಸಿಡಬೇಕಾಗಿತ್ತಲ್ವಾ?"

"ಹೌದು. ಬಗ್ಗಿಸಿ ತೊಳೀಬೇಕು ಅಂದ್ರೆ ಅದನ್ನ ತೆಗೀಬೇಕಾಗಿತ್ತು." ಪೀಪಾಯಿಯ ಮೇಲಿನ ಬಿರಡೆ ತೋರಿಸಿದಳು. ಅದರ ಸುತ್ತ ನೀಲಿ ಚೌಕಳಿ ಬಟ್ಟೆಯ ಅಂಚು ಕಾಣುತ್ತಿತ್ತು. "ಅವ್ರು ಬಡಿದು ಕೂರ್ಸಿದ್ದು. ದಿನಾ ಬಂದು ನೋಡ್ಕೊಂಡು ಹೋಗ್ತಿದ್ದೆ. ತೆಗೆಯೋಕೆ ಕೈ ಬರಲಿಲ್ಲ."

ಆ ಶರಟನ್ನು ಮೊದಲ ಸಂಬಳದಲ್ಲಿ ಅಪ್ಪನಿಗೆ ತಂದುಕೊಟ್ಟವಳು ರುಕ್ಸಾಂದಾ. ಅವಳು ತಾಯಿಯ ಕೈಯಿಂದ ಗ್ಲಾಸು ತೆಗೆದುಕೊಂಡಳು, ನಲ್ಲಿಯಿಂದ ತುಂಬಿಸಿದಳು, ನೆಲಕ್ಕೆ ಹನಿ ಚೆಲ್ಲಿ ಒಂದು ಗುಟುಕು ಕುಡಿದಳು. ಕೆಮ್ಮು ಬಂತು. "ನನಗೊಂದು ಮಾತು ಹೇಳಬೇಕಾಗಿತ್ತು ನೀನು" ಅಂದಳು. ಗ್ಲಾಸು ಪೀಪಾಯಿಯ ಮೇಲಿಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತಳು. ಪ್ರೊಫಿರಾಳಿಗೆ ಬೀಗರು ಏನೆಂದುಕೊಂಡರು ಎಂಬುದೆಲ್ಲ ಆ ಗಳಿಗೆಗೆ ಮರೆತೇಹೋಯಿತು.

ಇಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದ ಜಿನೋವಿಯಾ ಬಂದಳು. ಗ್ಲಾಸಿನೊಳಗೆ ಕಿರುಬೆರಳು ಅದ್ದಿ ನೆಕ್ಕಿದಳು. ಮತ್ತೊಮ್ಮೆ ಅದ್ದಿದಳು.

"ಬೀಗಿತ್ತಿ, ಚಳಿಗಾಲಕ್ಕೆ ದಪ್ಪ ಮೆಣಸಿನಕಾಯಿ ಹಾಕಿಡ್ತೀರಲ್ಲ, ಅದಕ್ಕೆ ಯಾವ ವಿನೆಗರ್ ಸುರೀತೀರಿ?"

"ಅಂಗಡೀದು" ಅಂದಳು ಪ್ರೊಫಿರಾ, ಏನೂ ಅರ್ಥವಾಗದೆ.

"ನಾನೂ ಅದೇ. ಮೂಗು ಸುಟ್ಟೋಗುತ್ತೆ, ನಾಲಿಗೆಗೆ ಏನೂ ಇಲ್ಲ. ಇದರಲ್ಲಿ ನೋಡಿ, ದ್ರಾಕ್ಷಿ ಇನ್ನೂ ಐತೆ." ಮೂರನೆಯ ಸಲ ಬೆರಳು ನೆಕ್ಕಿದಳು. "ಮೆಣಸಿನಕಾಯಿ ಕೆಂಪಾಗೋ ಹೊತ್ತಿಗೆ ಬರ್ತೀನಿ. ಇಬ್ರೂ ಕೂತು ಮದುವೆಗೆ ಆಗೋವಷ್ಟು ಹಾಕಾನ. ಬಂದೋರ ತಟ್ಟೆಗೆಲ್ಲ ಇವಳಪ್ಪಂದು ಬೀಳ್ಲಿ."

"ವೈನಿಗೆ ಅಂತ ಇಟ್ಟಿದ್ದಲ್ವಾ..."

"ವೈನಾಗಿದ್ರೆ ಈ ಗಂಡಸ್ರು ಅವತ್ತೇ ಕುಡಿದು ಮುಗಿಸಿರೋರು. ಇದು ಹೆಪ್ಪು ಇದ್ದಂಗೆ. ವರ್ಷ ವರ್ಷ ಮೇಲೊಂದಿಷ್ಟು ವೈನ್ ಹಾಕ್ಕೊಂಡು ಬನ್ನಿ, ಅದೂ ಅವರದ್ದೇ ಆಗ್ತಾ ಇರುತ್ತೆ. ನನಗೂ ಒಂದು ಸೀಸೆ ಕೊಡಿ, ನಮ್ಮೂರಲ್ಲಿ ನಾನೂ ಹಾಕ್ಕೊತೀನಿ."

ಹರಲಾಂಬಿಯೆ ಹೆಂಡತಿಯನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ. ಆಮೇಲೆ ತಾನು ತಂದಿದ್ದ ಹೂಜಿ ಎತ್ತಿಕೊಂಡ. "ಈ ಪೀಪಾಯಿ ಇನ್ನು ವೈನಿಗೆ ಆಗಾಕಿಲ್ಲ. ವಿನೆಗರ್ ಪೀಪಾಯಿ ಆಗೇ ಇರ್ಲಿ, ನಿಮಗೆ ಹೊಸದೊಂದು ನಾನು ಕಟ್ಕೊಡ್ತೀನಿ. ಈಗ ನಮ್ಮನೇದು ಇದಕ್ಕೊಂದಿಷ್ಟು ಸೇರ್ಲಿ. ಆದ್ರೆ ಹಾಕಬೇಕು ಅಂದ್ರೆ..." ಬಿರಡೆ ನೋಡಿ ಮಾತು ನುಂಗಿದ. "ನಾನು ತೆಗೀಲಾ?"

"ಬೇಡಿ" ಅಂದಳು ಪ್ರೊಫಿರಾ. "ನಾನೇ ತೆಗೀತೀನಿ."

ತೊದೇರನ ಕೊಡತಿ ಅಲ್ಲೇ ಮೊಳೆಯಲ್ಲಿ ತೂಗುತ್ತಿತ್ತು. ಬಿರಡೆಯ ಎರಡೂ ಪಕ್ಕದ ಹಲಗೆಗೆ ಮೆಲ್ಲಗೆ ಬಡಿದಳು. ಕದಲಲಿಲ್ಲ. ಇನ್ನೊಮ್ಮೆ ಬಡಿದಳು. ಆಮೇಲೆ ಕೊಡತಿ ಕೆಳಗಿಟ್ಟು, ಬಿರಡೆಯನ್ನು ಐದು ಬೆರಳಲ್ಲಿ ಹಿಡಿದು, ಒಂದಿಷ್ಟು ನಡುಗಿಸಿ, ಕಾಲು ಸುತ್ತು ತಿರುಗಿಸಿದಳು. ಬಿರಡೆ ಬಟ್ಟೆಯ ಸಮೇತ ಕೈಗೆ ಬಂತು. ಅವಳು ಅದನ್ನು ಎದೆಗೆ ಒತ್ತಿಕೊಂಡು ಅತ್ತಳು. ಗಂಡ ಸತ್ತ ದಿನ ಊರ ಮುಂದೆ ಅತ್ತಿದ್ದು ಬೇರೆ, ಇದು ಬೇರೆ. ಹರಲಾಂಬಿಯೆ ತಲೆ ತಗ್ಗಿಸಿ ಹೂಜಿ ಬಗ್ಗಿಸಿದ. ಹೂಜಿಯ ತಳದಲ್ಲಿ ಉಳಿದದ್ದನ್ನು ತೊದೇರನ ಗ್ಲಾಸಿಗೆ ಹಾಕಿದರು. ಒಂದೇ ಗ್ಲಾಸು ಎಲ್ಲರ ಕೈಯಲ್ಲೂ ಸುತ್ತು ಬಂತು. ಮದುವೆಯ ಮಾತು ಪಕ್ಕಾ ಆಯಿತು. ರುಕ್ಸಾಂದಾ ತನ್ನ ಸರದಿ ಬಂದಾಗ ಕುಡಿದಳು, ಗ್ಲಾಸು ತಾಯಿಗೆ ಕೊಟ್ಟಳು, ಆದರೆ ಕಣ್ಣು ಕೊಡಲಿಲ್ಲ.

ಬೇಸಿಗೆ ಕಳೆಯಿತು. ಜಿನೋವಿಯಾ ಹೇಳಿದ ಹಾಗೇ ಬಂದಳು. ಬೀಗಿತ್ತಿಯರಿಬ್ಬರೂ ಅಂಗಳದಲ್ಲಿ ಕೂತು ಕೆಂಪು ಮೆಣಸಿನಕಾಯಿ ರಾಶಿ ಹಾಕಿಕೊಂಡು, ಸೀಳಿ, ಬೀಜ ತೆಗೆದು, ಜೇನು ಬೆರೆಸಿದ ವಿನೆಗರ್ ಸುರಿದು ಜಾಡಿ ತುಂಬಿಸಿದರು. ತುಂಬಿದ ಜಾಡಿಯನ್ನೆಲ್ಲ ಪ್ರೊಫಿರಾ ಕಾಲು ಸುತ್ತು ತಿರುಗಿಸಿ ಇಡುತ್ತಿದ್ದಳು. "ಬಿಡಿ ಬೀಗಿತ್ತಿ, ಅವೇನು ಓಡೋಗಲ್ಲ" ಅಂತ ಜಿನೋವಿಯಾ ರೇಗಿಸುತ್ತಿದ್ದಳು. ರುಕ್ಸಾಂದಾ ರಜೆಗೆ ಬಂದಾಗ ಬೆಳ್ಳುಳ್ಳಿ ಸುಲಿದುಕೊಟ್ಟಳು. ಮದುವೆಗೆ ಬೇಕಾದ ಬಟ್ಟೆಬರೆ, ನೆಂಟರು, ಬಾಜಾಬಜಂತ್ರಿ, ಎಲ್ಲದರ ಬಗ್ಗೆಯೂ ಮಾತಾಡಿದಳು. ಅಪ್ಪನ ಪೀಪಾಯಿಯ ಮಾತು ಮಾತ್ರ ಎತ್ತಲಿಲ್ಲ. ಪ್ರೊಫಿರಾಳೂ ಕೆದಕಲು ಹೋಗಲಿಲ್ಲ. ಗಸಿ ಕೆಳಗಿಳಿಯಲು ಎಷ್ಟು ದಿನ ಬೇಕೋ ಅಷ್ಟು ದಿನ ಬೇಕು.

ನವೆಂಬರಿನಲ್ಲಿ ಅಂಗಳದಲ್ಲಿ ಚಪ್ಪರ ಹಾಕಿ ಮದುವೆ ಮಾಡಿದರು. ವೈನ್ ಹರಲಾಂಬಿಯೆಯ ಮನೆಯಿಂದ ಬಂದಿತ್ತು. ಹೆಣ್ಣಿನ ಮನೆಯಲ್ಲಿ ಗಂಡಿನ ಕಡೆಯ ವೈನ್ ಅಂದರೆ ನಮ್ಮೂರಿನ ಬಾಯಿಗೆ ಒಂದು ವಾರದ ಮೇವು. ಪಕ್ಕದ ಮನೆಯ ಮಾಫ್ತೆಯಾ ಅದನ್ನೇ ಆಡಿಕೊಳ್ಳಬೇಕು ಅಂತ ಸಜ್ಜಾಗಿ ಬಂದು ಕೂತಿದ್ದಳು. ಆದರೆ ಮೊದಲು ಕೈಗೆ ಸಿಕ್ಕಿದ್ದು ಮೆಣಸಿನಕಾಯಿ. ಒಂದು ತಿಂದಳು, ನಾಲಿಗೆ ಚಪ್ಪರಿಸಿದಳು, ಇನ್ನೊಂದು ತಿಂದಳು. ಗ್ಲಾಸು ಸುತ್ತು ಬಂದಾಗ ಅದನ್ನು ಪಕ್ಕಕ್ಕೆ ದಾಟಿಸಿ ಮತ್ತೆ ಜಾಡಿಗೇ ಕೈಹಾಕಿದಳು.

"ಇದನ್ಯಾರು ಹಾಕಿದ್ದು ಪ್ರೊಫಿರಾ? ಅಂಗಡಿ ವಿನೆಗರ್ ಅಲ್ಲ ಇದು."

ಪ್ರೊಫಿರಾ ಜಾಡಿಯನ್ನು ಹಿಡಿದು ತಿರುಗಿಸುತ್ತಾ ನಿಂತಳು. ಅಷ್ಟರಲ್ಲಿ ಬಿಳಿ ಉಡುಪಿನಲ್ಲಿ ನೆಂಟರನ್ನು ವಿಚಾರಿಸುತ್ತಾ ಬಂದ ರುಕ್ಸಾಂದಾ, ತಾಯಿಯ ಕೈ ಮೇಲೆ ತನ್ನ ಕೈಯಿಟ್ಟು ಜಾಡಿಯನ್ನು ನಿಲ್ಲಿಸಿದಳು.

"ನಮ್ಮಪ್ಪ" ಅಂದಳು. "ಇನ್ನೂ ಇದೆ. ಹಾಕಿಸ್ಕೊಳ್ಳಿ."